ಶ್ರುತಿಪೆಟ್ಟಿಗೆಯ ಕಿವಿ

ಮುಖ ನೋಡಿ ಮನುಷ್ಯನ ಗುಣ ಹೇಳುವವರು ನಮ್ಮ ಕಡೆಯ ಜಾತ್ರೆಗಳಲ್ಲಿ ಮೊದಲು ಒಬ್ಬಿಬ್ಬರಾದರೂ ಕಾಣಸಿಗುತ್ತಿದ್ದರು. ಔರಾದಿನ ಅಮರೇಶ್ವರ ಜಾತ್ರೆಯಲ್ಲಿ ಅಂಥವರೊಬ್ಬರು ನನ್ನ ಹಣೆಯನ್ನು ದಿಟ್ಟಿಸಿ, 'ಈ ಹುಡುಗ ಸಂಗೀತಗಾರನಾಗುತ್ತಾನೆ' ಎಂದು ಹೇಳಿ ಅಪ್ಪನಿಂದ ಎರಡು ರೂಪಾಯಿ ಪಡೆದದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಕನ್ನಡ ಅಧ್ಯಾಪಕನಾದೆ. ಎರಡು ರೂಪಾಯಿಯ ಜೊತೆಗೆ ಅಪ್ಪನ ಆಸೆಯೂ ಹೋಯಿತು. ಆದುದರಿಂದ ಮುಖಲಕ್ಷಣದ ಶಾಸ್ತ್ರದಲ್ಲಿ ನನಗೆ ನಂಬಿಕೆ ಕಡಮೆ. ಆದರೆ ಯಂತ್ರಗಳ ಮಾತು ಬೇರೆ. ಅವಕ್ಕೂ ಒಂದು ಮುಖ ಉಂಟು; ಆ ಮುಖ ಕಾಲಕಾಲಕ್ಕೆ ಬದಲಾಗುತ್ತದೆ; ಅದನ್ನು ನೋಡಿದರೆ, ಮಾಡಿದವನು ಬಳಸುವವನನ್ನು ಎಷ್ಟರಮಟ್ಟಿಗೆ ನಂಬಿದ್ದಾನೆ ಎಂಬುದು ತಿಳಿಯುತ್ತದೆ. ಇದು ನಾನು ಪುಸ್ತಕ ಓದಿ ಕಲಿತ ಮಾತಲ್ಲ. ಒಂದು ಹಳೆಯ ಶ್ರುತಿಪೆಟ್ಟಿಗೆಯ ಮುಖವನ್ನು ಕೆಡಿಸಿ ಕಲಿತದ್ದು.

ಆ ಪೆಟ್ಟಿಗೆಯನ್ನು ಅಪ್ಪ ಕೊಂಡದ್ದು 1994ರಲ್ಲಿ. ನಮ್ಮದು ಔರಾದ್ ತಾಲ್ಲೂಕಿನ ಗಡಿಯ ಹಳ್ಳಿ. ಸೋಮವಾರ ರಾತ್ರಿ ಗುಡಿಯಲ್ಲಿ ಭಜನೆ. ವಚನ, ತತ್ವಪದ, ನಡುನಡುವೆ ಒಂದೆರಡು ಮರಾಠಿ ಅಭಂಗ. ಹಾರ್ಮೋನಿಯಂ ನುಡಿಸುತ್ತಿದ್ದವರು ಮಗನ ಜೊತೆ ಊರು ಬಿಟ್ಟ ಮೇಲೆ ಹಾಡುವವರಿಗೆ ಶ್ರುತಿಯ ಆಸರೆ ತಪ್ಪಿತು. ಆ ವರ್ಷ ಉದ್ದಿಗೆ ಒಳ್ಳೆಯ ಧಾರಣೆ ಬಂದಿತ್ತು. ಅಪ್ಪ ಹೈದರಾಬಾದಿಗೆ ಹೋದವರು, ಟವೆಲಿನಲ್ಲಿ ಸುತ್ತಿದ ಪೆಟ್ಟಿಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ರಾತ್ರಿ ಬಸ್ಸಿನಲ್ಲಿ ಬಂದಿಳಿದರು. ಅದು ಎಲೆಕ್ಟ್ರಾನಿಕ್ ತಂಬೂರಿ. ಕರೆಂಟು ಹೋದರೆ ಸೆಲ್ಲಿನಿಂದಲೂ ನಡೆಯುತ್ತಿತ್ತು; ನಮ್ಮೂರಿನಲ್ಲಿ ಅದು ಹೆಚ್ಚಾಗಿ ಸೆಲ್ಲಿನಿಂದಲೇ ನಡೆಯಿತು.

ಪೆಟ್ಟಿಗೆಯ ಮುಂದಿನ ತಗಡಿನ ಮೇಲೆ ಮೂರು ತಿರುಪುಗಳು: ಶ್ರುತಿಗೆ ಒಂದು, ತಂತಿ ಮೀಟುವ ವೇಗಕ್ಕೆ ಒಂದು, ಸದ್ದಿಗೆ ಒಂದು. ಪಂಚಮವನ್ನು ಮಧ್ಯಮಕ್ಕೆ ಬದಲಿಸಲು ಒಂದು ಸ್ವಿಚ್ಚು. ನಮ್ಮ ಮನೆಯಲ್ಲಿ ತಿರುಪಿಗೆ ಕಿವಿ ಎಂದು ಹೆಸರು. ರೇಡಿಯೋದ ಕಿವಿ ಹಿಂಡಿ ಹೈದರಾಬಾದ್ ಸ್ಟೇಷನ್ನು ಹಚ್ಚುತ್ತಿದ್ದ ಜನಕ್ಕೆ ಬೇರೆ ಹೆಸರು ತೋಚಲಿಲ್ಲ. ಯಾವ ಕಿವಿ ಯಾವುದಕ್ಕೆ ಎಂಬುದನ್ನು ತಗಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಅಪ್ಪ ಶಾಲೆಗೆ ಸೇರಿದ್ದು ನಿಜಾಮರ ಕಾಲದಲ್ಲಿ. ಮೊದಲು ಕಲಿತ ಅಕ್ಷರ ಉರ್ದು. 1948ರ ಮೇಲೆ ಕನ್ನಡ. ಮರಾಠಿ ಸಂತೆಯಲ್ಲಿ ಬಂದದ್ದು. ಇಂಗ್ಲಿಷಿನ ಸರದಿ ಬರುವ ಹೊತ್ತಿಗೆ ನೇಗಿಲು ಹಿಡಿದಾಗಿತ್ತು. ಹೀಗಾಗಿ ಅವರು ತಮ್ಮದೇ ಒಂದು ಲಿಪಿಯನ್ನು ಕಂಡುಕೊಂಡರು. ಅಕ್ಕ ಉಗುರಿಗೆ ಬಣ್ಣ ಹಚ್ಚುತ್ತಾಳೆಂದು ಹಿಂದಿನ ವಾರವಷ್ಟೇ ಗದರಿಸಿದ್ದವರು, ಒಂದು ಸಂಜೆ ತಗ್ಗಿದ ದನಿಯಲ್ಲಿ 'ಅದೇನೋ ಬಾಟ್ಲಿ ಇತ್ತಲ್ಲವ್ವಾ, ತಾ ಇಲ್ಲಿ' ಎಂದರು. ತಮ್ಮ ದನಿಗೆ ಒಗ್ಗುವ ಜಾಗಕ್ಕೆ ಶ್ರುತಿಯ ಕಿವಿಯನ್ನು ತಿರುವಿ, ಅದರ ಮೂಗು ನಿಂತ ಕಡೆ ತಗಡಿನ ಮೇಲೆ ಒಂದು ಕೆಂಪು ಚುಕ್ಕೆ ಇಟ್ಟರು. ಕೆಲವು ವರ್ಷಗಳ ಮೇಲೆ ಅದರ ಎಡಕ್ಕೆ ಎರಡನೆಯ ಚುಕ್ಕೆ ಬಂತು. ಕೊನೆಗಾಲದಲ್ಲಿ ಇನ್ನೂ ಎಡಕ್ಕೆ ಮೂರನೆಯದು. ಈ ಚುಕ್ಕೆಗಳು ಹಾರ್ಮೋನಿಯಂನ ಯಾವ ಮನೆಗೂ ಸರಿಯಾಗಿ ಹೊಂದುತ್ತಿರಲಿಲ್ಲ. ಅವುಗಳ ಹೊಂದಾಣಿಕೆ ಏನಿದ್ದರೂ ಒಂದು ಗಂಟಲಿನೊಡನೆ.

2018ರಲ್ಲಿ ಅಪ್ಪ ತೀರಿಕೊಂಡರು. ಪೆಟ್ಟಿಗೆ ಬೀದರಿಗೆ ಬಂದು ನನ್ನ ಪುಸ್ತಕದ ಕಪಾಟಿನ ಮೇಲೆ ಕೂತಿತು. ನಾನು ಅದನ್ನು ಒಮ್ಮೆಯೂ ಹಚ್ಚಲಿಲ್ಲ.

ಹೋದ ವರ್ಷ ದೀಪಾವಳಿಗೆ ಭಾಲ್ಕಿಗೆ, ಅಕ್ಕನ ಮನೆಗೆ ಹೋಗಿದ್ದೆ. ಬೆಂಗಳೂರಿನಲ್ಲಿ ಎಂಜಿನಿಯರನಾಗಿರುವ ಅಳಿಯ ಹಬ್ಬಕ್ಕೆ ಬಂದಿದ್ದ. ಒಳಕೋಣೆಯ ಮೇಜಿನ ಮೇಲೆ ಒಂದು ವಿಚಿತ್ರ ವಸ್ತುವನ್ನು ಹರವಿಕೊಂಡಿದ್ದ. ಒಂದು ಚೌಕಟ್ಟು, ಅದರಲ್ಲಿ ಪಕ್ಕಪಕ್ಕದಲ್ಲಿ ನಿಲ್ಲಿಸಿದ ಅಗಲ ಕಿರಿದಾದ ತಗಡುಗಳು, ಒಂದೊಂದರ ಮೇಲೂ ತಿರುಪು, ತೂತು, ಮಿಣುಕುವ ದೀಪ, ತೂತಿನಿಂದ ತೂತಿಗೆ ಬಣ್ಣಬಣ್ಣದ ತಂತಿ. ಅಕ್ಕ ಬಾಗಿಲಲ್ಲಿ ನಿಂತು, 'ನೋಡಪಾ ತಮ್ಮಾ, ನಿನ್ನ ಅಳಿಯ ಶಾವಿಗಿ ಒಣಾ ಹಾಕ್ಯಾನ' ಎಂದಳು. ಅದು ಸಂಗೀತದ ಯಂತ್ರವಂತೆ. ಮಾಡ್ಯುಲರ್ ಸಿಂಥಸೈಸರ್ ಎಂದು ಹೆಸರು. ಇದೆಲ್ಲ ಮುಚ್ಚುಳದ ಒಳಗೆ ಇರಬೇಕಾದದ್ದಲ್ಲವೆ ಎಂದು ನಾನು ಕೇಳಿದೆ. 'ಅದೇ ನೋಡ್ರಿ ಮಾಮಾ ಇದರ ಚಂದ. ಒಳಗಿರೋದೆಲ್ಲಾ ಹೊರಗೇ ಕಾಣಸ್ತದ' ಎಂದು ಅವನು ಶುರುಮಾಡಿದ. ಆ ರಾತ್ರಿ ಅವನು ಹೇಳಿದ್ದನ್ನೂ, ಆಮೇಲೆ ಕುತೂಹಲ ತಡೆಯಲಾರದೆ ನಾನು ಓದಿ ತಿಳಿದದ್ದನ್ನೂ ಕೂಡಿಸಿ ಹೇಳುತ್ತೇನೆ.

ವಿದ್ಯುತ್ತನ್ನು ಕಂಪಿಸುವಂತೆ ಮಾಡಿ ಅದರಿಂದ ನಾದ ಹುಟ್ಟಿಸುವುದು ಈ ಯಂತ್ರದ ಕೆಲಸ. ಒಂದು ಘಟಕ ದನಿಯನ್ನು ಹುಟ್ಟಿಸುತ್ತದೆ. ಇನ್ನೊಂದು ಅದನ್ನು ಸೋಸುತ್ತದೆ. ಮತ್ತೊಂದು ಅದರ ಏಳುಬೀಳನ್ನು ಗೊತ್ತುಮಾಡುತ್ತದೆ. 1964ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರೂಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ರಾಬರ್ಟ್ ಮೂಗ್ ಈ ಘಟಕಗಳನ್ನು ಬಿಡಿಬಿಡಿಯಾಗಿ ಮಾಡಿ ಮರದ ಚೌಕಟ್ಟಿನಲ್ಲಿ ಕೂಡಿಸಿದ. ಒಂದೊಂದು ಘಟಕಕ್ಕೂ ಒಂದು ಕಪ್ಪು ಅಲ್ಯೂಮಿನಿಯಂ ತಗಡು, ಅದರ ಮೇಲೆ ಬಿಳಿ ಅಕ್ಷರ. ಚಿತ್ರ ನೋಡಿದಾಗ ನನಗೆ ನಮ್ಮ ಬಿದರಿ ಕೆಲಸದ ನೆನಪಾಯಿತು. ಕೋಟೆಯ ಮಣ್ಣಿನಿಂದ ಕಪ್ಪಿಟ್ಟ ಲೋಹದ ಮೇಲೆ ಬೆಳ್ಳಿಯ ಗೆರೆ ಹೊಳೆಯುವ ಹಾಗೆ ಕಾಣುತ್ತಿತ್ತು. ಘಟಕದಿಂದ ಘಟಕಕ್ಕೆ ಸಂಬಂಧ ಕಲ್ಪಿಸಲು ತಂತಿಗಳು, ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಕೂಡಿಸುತ್ತಿದ್ದಂತೆ. ಎಲ್ಲಿಂದ ಎಲ್ಲಿಗೆ ಕೂಡಿಸಬೇಕು ಎಂಬುದನ್ನು ಮೂಗ್ ಹೇಳಲಿಲ್ಲ; ಅದು ನುಡಿಸುವವನ ಪಾಲಿಗೆ ಬಿಟ್ಟದ್ದು.

ಸುಮಾರು ಅದೇ ಕಾಲಕ್ಕೆ ದೇಶದ ಇನ್ನೊಂದು ಅಂಚಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಕಡೆ, ಡಾನ್ ಬುಕ್ಲಾ ಎಂಬಾತ ಇಂಥದೇ ಯಂತ್ರ ಮಾಡಿದ. ಪಿಯಾನೋದ ಮನೆಗಳನ್ನು ಇಟ್ಟರೆ ಕೈ ಹಳೆಯ ಹಾಡನ್ನೇ ಹುಡುಕುತ್ತದೆ ಎಂದು ಅವನ ವಾದ. ಮನೆಗಳಿಗೆ ಬದಲು ಮುಟ್ಟಿದರೆ ಸಾಕಾಗುವ ಲೋಹದ ಪಟ್ಟಿಗಳನ್ನು ಇಟ್ಟ. ನಾದ ಹರಿಯುವ ತಂತಿ ಬೇರೆ, ನಾದವನ್ನು ಆಳುವ ತಂತಿ ಬೇರೆ ಎಂದು ಎರಡು ಜಾತಿ ಮಾಡಿದ. 1969ರಲ್ಲಿ ಲಂಡನ್ನಿನವರು ಒಂದು ಯಂತ್ರ ಮಾಡಿದರು. ಅದರ ಹೆಸರು ವಿಸಿಎಸ್-3. ಅದರಲ್ಲಿ ತಂತಿಯ ಗೊಡವೆಯೇ ಇಲ್ಲ. ಚೌಕಾಬಾರದ ಮಣೆಯಂಥ ಒಂದು ಚೌಕ; ಅಡ್ಡ 16, ಉದ್ದ 16, ಒಟ್ಟು 256 ತೂತುಗಳು; ಬೇಕಾದ ತೂತಿನಲ್ಲಿ ಒಂದು ಸಣ್ಣ ಮೊಳೆ ಸಿಕ್ಕಿಸಿದರೆ ಆಯಿತು.

1970ರಲ್ಲಿ ದೊಡ್ಡ ತಿರುವು ಬಂತು. ಮೂಗ್ ಕಂಪನಿಯೇ ಮಿನಿಮೂಗ್ ಎಂಬ ಚಿಕ್ಕ ವಾದ್ಯವನ್ನು ತಂದಿತು. ಅದರಲ್ಲಿ ತಂತಿಗಳೆಲ್ಲ ಒಳಗೆ ಸೇರಿದವು. ಮುಖಫಲಕವನ್ನು ಎಡದಿಂದ ಬಲಕ್ಕೆ ಒಂದು ವಾಕ್ಯದ ಹಾಗೆ ಓದಿಕೊಳ್ಳಬಹುದು: ದನಿ ಹುಟ್ಟುವ ಕಡೆ, ಬೆರೆಯುವ ಕಡೆ, ತಿದ್ದುವ ಕಡೆ, ಹೊರಬೀಳುವ ಕಡೆ. ಮರುವರ್ಷ ಬಂದ ಎಆರ್‌ಪಿ 2600 ಎಂಬುದು ಮಧ್ಯಮ ಮಾರ್ಗ ಹಿಡಿಯಿತು. ಒಳಗೆ ಒಂದು ದಾರಿಯನ್ನು ಮೊದಲೇ ಕೂಡಿಸಿಟ್ಟು, ಆ ದಾರಿಯನ್ನು ಫಲಕದ ಮೇಲೆ ಗೆರೆ, ಬಾಣಗಳಿಂದ ಬರೆದು ತೋರಿಸಿತು. ಒಪ್ಪಿಗೆಯಾಗದಿದ್ದರೆ ತಂತಿ ಸಿಕ್ಕಿಸಿ ಬೇರೆ ದಾರಿ ಹಿಡಿಯಬಹುದು. ಪಾಠ ಹೇಳುವವನಾದ ನನಗೆ ಈ ಫಲಕ ಬಹಳ ಹಿಡಿಸಿತು. ಒಳ್ಳೆಯ ಮೇಷ್ಟರ ಲಕ್ಷಣ ಇದೇ ತಾನೆ?

ಆ ದಿನಗಳಲ್ಲಿ ಒಮ್ಮೆ ಕಂಡುಕೊಂಡ ನಾದವನ್ನು ಮತ್ತೆ ತರುವುದು ಸುಲಭವಾಗಿರಲಿಲ್ಲ. ತಂತಿ ಕಿತ್ತರೆ ನಾದವೂ ಹೋಯಿತು. ನುಡಿಸುವವರು ಫಲಕದ ಚಿತ್ರವನ್ನು ಕಾಗದದ ಮೇಲೆ ಇಟ್ಟುಕೊಂಡು, ಯಾವ ತಿರುಪು ಎಲ್ಲಿತ್ತು ಎಂದು ಗುರುತು ಹಾಕಿಕೊಳ್ಳುತ್ತಿದ್ದರಂತೆ. ಈ ಮಾತು ಬಂದಾಗ ನಾನು, 'ನಿಮ್ಮ ಮುತ್ಯಾನೂ ಹಂಗೇ ಮಾಡತಿದ್ರು. ಕೆಂಪು ಚುಕ್ಕಿ' ಎಂದೆ. ಅಳಿಯನ ಕಣ್ಣು ಅರಳಿತು.

ಕಥೆ ಮುಂದುವರಿಯಿತು. 1978ರಲ್ಲಿ ಬಂದ ಪ್ರಾಫೆಟ್-5 ಎಂಬ ವಾದ್ಯಕ್ಕೆ ನೆನಪಿನ ಶಕ್ತಿಯನ್ನು ಕೊಟ್ಟರು. 40 ನಾದಗಳನ್ನು ಅದು ತಾನೇ ನೆನಪಿಡುತ್ತಿತ್ತು. ಒಂದು ಗುಂಡಿ ಒತ್ತಿದರೆ ಬೇಕಾದ ನಾದ ಸಿದ್ಧ. ಅನುಕೂಲವೇನೋ ಬಹಳವಾಯಿತು. ಆದರೆ ಅಂದಿನಿಂದ ಮುಖಕ್ಕೂ ಮನಸ್ಸಿಗೂ ಇದ್ದ ನಂಟು ಕಡಿಯಿತು. ಹಳೆಯ ನಾದವನ್ನು ಕರೆದಾಗ ತಿರುಪುಗಳು ತಾವಿದ್ದ ಕಡೆಯೇ ನಿಂತಿರುತ್ತವೆ. ಕೇಳುವ ನಾದ ಮಾತ್ರ ಬೇರೆಯದು. ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು. 1983ರಲ್ಲಿ ಯಮಾಹಾ ಕಂಪನಿಯ ಡಿಎಕ್ಸ್-7 ಬಂದಾಗ ಈ ಸುಳ್ಳಾಡುವ ಪಾಡೂ ತಪ್ಪಿತು, ಏಕೆಂದರೆ ತಿರುಪುಗಳೇ ಮಾಯವಾದವು. ನುಣುಪಾದ ಮುಖ, ಸಾಲಾಗಿ ಚಪ್ಪಟೆ ಗುಂಡಿಗಳು, ಒಂದು ಪುಟ್ಟ ಅಕ್ಷರದ ಕಿಟಕಿ. ಒಳಗೆ ನಡೆಯುವುದನ್ನು ಆ ಕಿಟಕಿಯಿಂದ ಒಂದೊಂದೇ ಸಂಖ್ಯೆಯಾಗಿ ಇಣುಕಿ ನೋಡಬೇಕು. ಅದು ಲೋಕದಲ್ಲೆಲ್ಲ ಮಾರಾಟವಾಯಿತು.

ಹೊರಗಿನ ಫಲಕ ಒಂದು ಹೇಳಿ ಒಳಗಿನ ವ್ಯವಹಾರ ಇನ್ನೊಂದಾಗಿರುವುದು ಯಾವಾಗಲೂ ತಪ್ಪೆಂದು ನಾನು ಹೇಳುವುದಿಲ್ಲ. ಭಾಲ್ಕಿಯಲ್ಲಿ ಕೂತು ಹಾಗೆ ಹೇಳಲಾದೀತೆ? ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ನನ್ನಂಥವನು ಇಂದು ಬೀದರಿನಲ್ಲಿ ಕನ್ನಡ ಪಾಠ ಹೇಳಿ ಸಂಬಳ ಎಣಿಸುತ್ತಿರುವುದರ ಹಿಂದೆ ಆ ಬೋರ್ಡಿನ ಪುಣ್ಯವೂ ಇದೆ. ಆದರೆ ಆ ಬೋರ್ಡು ಮರೆಮಾಚಿದ್ದು ಅಧಿಕಾರಿಗಳಿಂದ. ಕಲಿಯಲು ಬಂದ ಮಗುವಿಗೆ ಒಳಗೆ ಏನಿದೆ ಎಂಬುದು ಗೊತ್ತಿತ್ತು. ಯಂತ್ರದ ಹೊಸ ಮುಖ ಮರೆಮಾಚುವುದು ತನ್ನನ್ನು ನುಡಿಸುವವನಿಂದಲೇ.

1995ರಲ್ಲಿ ಜರ್ಮನಿಯ ಡೀಟರ್ ಡೋಪ್ಫರ್ ಎಂಬಾತ ಹಳೆಯ ಬಿಡಿ ಘಟಕಗಳ ಪದ್ಧತಿಯನ್ನು ಮತ್ತೆ ಎತ್ತಿಕೊಂಡ. ಫಲಕಗಳು ಚಿಕ್ಕವಾದವು, ತಂತಿಗಳು ಇಯರ್‌ಫೋನಿನಷ್ಟು ತೆಳುವಾದವು. ಎತ್ತರ ಎಲ್ಲದಕ್ಕೂ ಒಂದೇ ಆದುದರಿಂದ ಯಾರು ಮಾಡಿದ ಘಟಕವಾದರೂ ಅದೇ ಚೌಕಟ್ಟಿನಲ್ಲಿ ಕೂರುತ್ತದೆ. ಅಳಿಯನ ಮೇಜಿನ ಮೇಲಿದ್ದದ್ದು ಈ ವಂಶದ ಕುಡಿ.

ಇದೆಲ್ಲ ಪರದೇಶದ ಮಾತಾಯಿತು, ನಮ್ಮ ಕಡೆ ಇಂಥದು ಬಂದೇ ಇರಲಿಲ್ಲವೆ ಎಂದು ಕೇಳಿದೆ. ಬಂದಿತ್ತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಬಂದು ಮೂಗ್ ಯಂತ್ರವೊಂದನ್ನು ಜೋಡಿಸಿಕೊಟ್ಟ. ಅದರ ಹಿಂದೆ ಗೀತಾ ಸಾರಾಭಾಯಿ ಅವರ ಆಸಕ್ತಿ ಇತ್ತು. ಅವರೂ ಇನ್ನು ಕೆಲವರೂ 1972ರ ವರೆಗೆ ಅದರ ಮೇಲೆ ರಚಿಸಿದ ನಾದಗಳು ಟೇಪುಗಳಲ್ಲಿ ಮಲಗಿದ್ದು, 2023ರಲ್ಲಿ ಹೊರಬಂದವು. ಇನ್ನು ಬೆಂಗಳೂರಿನಲ್ಲಿ, ಎಂಜಿನಿಯರರೂ ಸಂಗೀತಗಾರರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಹೊರತಂದರು. ಇಂಥ ಯಂತ್ರದಿಂದ ಅವರು ಬೇಡಿದ್ದು ಹೊಸ ನಾದವನ್ನಲ್ಲ. ನಾಲ್ಕು ತಂತಿಗಳ ಹಳೆಯ ನಾದವೊಂದನ್ನೇ. ಆಗಿನಿಂದ ತಂಬೂರಿಯ ಬಿರಡೆಯ ಕೆಲಸ ತಿರುಪಿಗೆ ಬಂತು. ಆ ತಿರುಪೂ ಈಗ ಹಲವು ಪೆಟ್ಟಿಗೆಗಳಲ್ಲಿ ಗುಂಡಿಯಾಗಿದೆ, ಅಂಕಿ ತೋರಿಸುವ ಕಿಟಕಿಯಾಗಿದೆ. ಮೊಬೈಲಿನಲ್ಲಂತೂ ಗಾಜಿನ ಮೇಲೆ ಬರೆದ ತಿರುಪಿನ ಚಿತ್ರವಾಗಿದೆ. ಲೋಕದ ಕಥೆಯೇ ನಮ್ಮ ಶ್ರುತಿಪೆಟ್ಟಿಗೆಯಲ್ಲಿ ಚಿಕ್ಕದಾಗಿ ನಡೆದಿದೆ.

'ಮುತ್ಯಾನ ಪೆಟ್ಟಿಗಿ ಒಮ್ಮೆ ತೋರಸ್ರಿ ಮಾಮಾ' ಎಂದು ಅಳಿಯ ಬೇಡಿಕೊಂಡ. ಬೀದರಿಗೆ ಬಂದವನೇ ಕಪಾಟಿನಿಂದ ಇಳಿಸಿ ಹಚ್ಚಿದೆ. ಕಿವಿ ತಿರುವಿದರೆ ಕರಕರ ಸದ್ದು. ಒಳಗೆ ಧೂಳು ಸೇರಿತ್ತು. ಹುಡುಗನ ಕೈಗೆ ಹೀಗೆ ಕೊಡುವುದು ಬೇಡ ಎಂದು ಊರೊಳಗಿನ ರಿಪೇರಿ ಅಂಗಡಿಯೊಂದಕ್ಕೆ ಒಯ್ದು, 'ಚೆನ್ನಾಗಿ ಸ್ವಚ್ಛ ಮಾಡಿಕೊಡಿ' ಎಂದೆ. ಕೆಲಸದ ಹುಡುಗ ನನ್ನ ಮಾತನ್ನು ಅಕ್ಷರಶಃ ನಡೆಸಿದ. ಮೂರನೆಯ ದಿನ ಹೋದಾಗ ಪೆಟ್ಟಿಗೆ ಹೊಸ ಮದುಮಗನ ಹಾಗೆ ಹೊಳೆಯುತ್ತಿತ್ತು. ಕಿವಿಯಲ್ಲಿ ಕರಕರ ಇಲ್ಲ. ತಗಡಿನ ಮೇಲೆ ಒಂದು ಕಲೆ ಇಲ್ಲ. 'ಕೆಂಪು ಕಲಿ ಭಾಳ ಗಟ್ಟಿ ಇದ್ದವು ಸರ್, ಥಿನ್ನರ್ ಹಚ್ಚಿ ತಿಕ್ಕೀನಿ' ಎಂದು ಅವನು ಹೆಮ್ಮೆಯಿಂದ ಹೇಳಿದ. ನಾನು ಹಣ ಕೊಟ್ಟು ಬಂದೆ. ಅವನನ್ನು ಬಯ್ಯಲು ನನಗೆ ಬಾಯಿ ಇರಲಿಲ್ಲ. ಅದು ಕಲೆಯಲ್ಲ ಎಂದು ಹೇಳಬೇಕಾಗಿದ್ದವನು ನಾನು.

ಅಳಿಯನಿಗೆ ಫೋನು ಮಾಡಿದೆ. ಚುಕ್ಕೆ ಎಲ್ಲಿದ್ದವೆಂದು ಬರೆದಿಟ್ಟಿದ್ದೀರಾ, ಫೋಟೋ ಇದೆಯೆ, ಮುತ್ಯಾ ಹಾಡಿದ ಕ್ಯಾಸೆಟ್ ಇದೆಯೆ ಎಂದು ಕೇಳಿದ. ಬರೆದಿಡಲಿಲ್ಲ, ಫೋಟೋ ಇಲ್ಲ. ಕ್ಯಾಸೆಟ್ ಒಂದಿತ್ತು, ಆದರೆ ಇಳಿದ ಸೆಲ್ಲಿನ ಟೇಪ್‌ರೆಕಾರ್ಡರಿನಲ್ಲಿ ತುಂಬಿಕೊಂಡದ್ದು, ಅದರ ವೇಗವನ್ನು ನಂಬಿ ಶ್ರುತಿ ಹೇಳಲಾಗದು ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕೇಳಿದವರು ಇನ್ನಾ ಇದ್ದಾರಲ್ರಿ ಮಾಮಾ' ಎಂದ.

ಒಂದು ಸೋಮವಾರ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಔರಾದಿನ ಬಸ್ಸು ಹತ್ತಿದೆ. ನಮ್ಮೂರಿನ ಭಜನೆಯಲ್ಲಿ ಅಪ್ಪನ ಪಕ್ಕದಲ್ಲಿ ತಾಳ ಹಿಡಿದು ಕೂರುತ್ತಿದ್ದ ಕಾಕಾ ಒಬ್ಬರು ಇದ್ದಾರೆ. ಎಂಬತ್ತು ದಾಟಿದೆ, ಕಣ್ಣು ಮಂಜು. ಗುಡಿಯ ಕಟ್ಟೆಯ ಮೇಲೆ ಪೆಟ್ಟಿಗೆ ಇಟ್ಟು ಮೆಲ್ಲಗೆ ಕಿವಿ ತಿರುವುತ್ತ ಹೋದೆ. ಅವರು ತಲೆ ತಗ್ಗಿಸಿ ಕೇಳುತ್ತಿದ್ದರು. 'ಇನ್ನಾ ಮ್ಯಾಲ... ಇನ್ನಾ... ಹಾಂ, ನಿಲ್ಲಸು' ಎಂದವರೇ ಅಪ್ಪ ಮೊದಲು ಹಾಡುತ್ತಿದ್ದ ಪದವನ್ನು ಎತ್ತಿಕೊಂಡರು. ಅವರ ಗಂಟಲು ಅಲ್ಲಿಗೆ ಮುಟ್ಟಲಿಲ್ಲ, ನಡುವೆ ಒಡೆಯಿತು. 'ನನಗ ಆಗಲ್ಲಪಾ. ನಿಮ್ಮಪ್ಪಗ ಆಗತಿತ್ತು. ಇದೇ ಜಾಗಾ' ಎಂದರು. ತಿರುಪಿನ ಮೂಗು ನಿಂತ ಕಡೆ ನಾನು ಚುಕ್ಕೆ ಇಟ್ಟೆ.

ಅಲ್ಲಿಂದ ಭಾಲ್ಕಿಗೆ. ಅಪ್ಪ ಕೊನೆಯ ಎರಡು ವರ್ಷ ಅಕ್ಕನ ಮನೆಯಲ್ಲಿದ್ದರು. ಅಕ್ಕ ಹಾಡುವವಳಲ್ಲ. ಆದರೆ ನಸುಕಿನಲ್ಲಿ ಚಹಾ ಇಡುವಾಗ ಒಳಕೋಣೆಯಿಂದ ಬರುತ್ತಿದ್ದ ದನಿ ಅವಳ ಕಿವಿಯಲ್ಲಿ ಉಳಿದಿದೆ. ಒಲೆಯ ಮುಂದೆ ನಿಂತು, ನನ್ನ ಕಡೆ ತಿರುಗದೆ ಅದನ್ನು ಬಾಯಿ ಮುಚ್ಚಿ ಗುನುಗಿದಳು. ಕಿವಿಯನ್ನು ಎಡಕ್ಕೆ ತಿರುವುತ್ತ ಬಂದೆ. ಒಂದು ಕಡೆ ಪೆಟ್ಟಿಗೆಯ ನಾದವೂ ಅವಳ ದನಿಯೂ ಕೂಡಿದವು. ಅವಳು ಗುನುಗುವುದನ್ನು ನಿಲ್ಲಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎರಡನೆಯ ಚುಕ್ಕೆಯನ್ನು ಅವಳೇ ಇಟ್ಟಳು.

ಉಳಿದದ್ದು ನಡುವಿನದು. ಅದು ಯಾವ ಕಾಲದ್ದೆಂದು ಲೆಕ್ಕ ಹಾಕಿ ನೋಡಿದೆ. ನನಗೆ ಕೆಲಸ ಸಿಕ್ಕು ಬೀದರಿನಲ್ಲಿ ಮನೆ ಮಾಡಿದ ಮೇಲಿನ ವರ್ಷಗಳು. ತಿಂಗಳಿಗೊಮ್ಮೆ ಅಪ್ಪ ಬರುತ್ತಿದ್ದರು, ಚೀಲದಲ್ಲಿ ಪೆಟ್ಟಿಗೆ ಇರುತ್ತಿತ್ತು. ಹಿಂದಿನ ಕೋಣೆಯಲ್ಲಿ ಕೂತು ಸಂಜೆ ಹಾಡುತ್ತಿದ್ದರು. ನಾನು ಮುಂದಿನ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ, ಗಮನ ಕೆಡುತ್ತದೆಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಬಾಗಿಲಿನ ಸದ್ದು ಕೇಳಿದೊಡನೆ ಅಪ್ಪ ಪೆಟ್ಟಿಗೆಯ ಸದ್ದನ್ನು ಇಳಿಸುತ್ತಿದ್ದರು. ಆ ಕಾಲದ ಅವರ ದನಿಯನ್ನು ಕೇಳಬೇಕಾಗಿದ್ದವನು ನಾನೊಬ್ಬನೇ. ಎಷ್ಟು ಸಲ ತಿರುವಿದರೂ ನನ್ನ ಕಿವಿ ಎಲ್ಲಿಯೂ 'ಇಲ್ಲಿ' ಎನ್ನುವುದಿಲ್ಲ.

ಎರಡು ಚುಕ್ಕೆಗಳ ನಡುವೆ ಅಂದಾಜಿನಿಂದ ಮೂರನೆಯದನ್ನು ಇಡಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಅಳಿಯನೂ, 'ಬ್ಯಾಡ ಮಾಮಾ, ಖಾಲಿ ಇರಲಿ' ಎಂದ. ಪೆಟ್ಟಿಗೆ ಈಗ ಕಪಾಟಿನ ಮೇಲಿಲ್ಲ, ನನ್ನ ಮೇಜಿನ ಮೇಲಿದೆ. ಉತ್ತರಪತ್ರಿಕೆ ತಿದ್ದುವಾಗ ಹಚ್ಚಿಡುತ್ತೇನೆ. ಒಂದು ದಿನ ಕಾಕಾನ ಚುಕ್ಕೆಗೆ, ಒಂದು ದಿನ ಅಕ್ಕನ ಚುಕ್ಕೆಗೆ. ಕೋಣೆಯ ಬಾಗಿಲನ್ನು ತೆರೆದೇ ಇಟ್ಟಿರುತ್ತೇನೆ.